ಕುಂಡದ ಜರೀಗಿಡ: ಋತುವಿಗೆ ತಕ್ಕ ನೀರು



ಮಲೆನಾಡಿನಲ್ಲಿ ಜರೀಗಿಡದ ಒಂದಾದರೂ ಕುಂಡವಿಲ್ಲದ ಜಗಲಿ ಅಪರೂಪ. ಮೃಗಶಿರ ಮಳೆ ಹಿಡಿದ ಮೇಲೆ ಹಳ್ಳದ ದಂಡೆಯಿಂದಲೋ, ತೋಟದ ಅಗಳಿನಿಂದಲೋ, ರಸ್ತೆ ಬದಿಯ ಧರೆಯಿಂದಲೋ ಬೇರುಸಹಿತ ಕಿತ್ತು ತಂದ ಗಿಡವು ಕುಂಡವನ್ನು ಸೇರುತ್ತದೆ. ಆಶ್ಲೇಷ ಮಳೆಯ ಹೊತ್ತಿಗೆ ಕುಂಡದ ಅಂಚು ಕಾಣದಂತೆ ಗರಿ ಚೆಲ್ಲಿ ನಿಂತು, ಮನೆಗೆ ಬಂದವರೆಲ್ಲರ ಕಣ್ಣು ಸೆಳೆಯುತ್ತದೆ. ದೀಪಾವಳಿಯವರೆಗೂ ಅದರ ಸೊಗಸಿಗೆ ಕುಂದಿಲ್ಲ. ಶಿವರಾತ್ರಿ ಕಳೆಯುವಷ್ಟರಲ್ಲಿ ಗರಿಗಳ ತುದಿ ಕಂದುತ್ತದೆ. ಯುಗಾದಿಗೆ ಗಿಡವು ಹಳೆಯ ಪೊರಕೆಯಂತಾಗುತ್ತದೆ. ಮನೆಯವರು ಅದನ್ನು ಸತ್ತಿತೆಂದು ಬಗೆದು ಹಿತ್ತಿಲ ಗೊಬ್ಬರಗುಂಡಿಗೆ ಸುರಿಯುತ್ತಾರೆ. ಬರುವ ಮಳೆಗಾಲಕ್ಕೆ ಮತ್ತೆ ಹಳ್ಳದ ದಂಡೆ, ಮತ್ತೆ ಗುದ್ದಲಿ. ಹೀಗೆ ಹತ್ತು ವರ್ಷ ನಡೆದರೆ ಒಂದು ಕುಂಡಕ್ಕಾಗಿ ಹತ್ತು ಗಿಡಗಳು ಕಾಡಿನಿಂದ ಬಂದು ಹೋಗಿರುತ್ತವೆ. ಊರಿನಲ್ಲಿ ನೂರು ಮನೆಗಳಿದ್ದರೆ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು.

ಗಣಿ, ಅಣೆಕಟ್ಟು, ರಸ್ತೆ ಅಗಲೀಕರಣ ಮುಂತಾದ ದೊಡ್ಡ ಸಂಗತಿಗಳು ಚರ್ಚೆಗೆ ಬರುವ ವೇದಿಕೆಯಲ್ಲಿ ಕುಂಡಕ್ಕೆ ನೀರೆರೆಯುವ ವಿಷಯವು ಹಗುರವಾದುದೆಂದು ಕೆಲವರಿಗೆ ತೋರೀತು. ಆದರೆ ಹಳ್ಳದ ದಂಡೆ ಬರಿದಾಗುವುದಕ್ಕೆ ಕಂಪನಿಗಳೇ ಬರಬೇಕೆಂದಿಲ್ಲ. ಪ್ರೀತಿಯಿಂದ ಗಿಡ ಸಾಕುವವರೂ ಅದಕ್ಕೆ ತಕ್ಕಷ್ಟು ಕಾರಣರಾಗಬಲ್ಲರು. ಗಿಡವನ್ನು ಕುಂಡದಲ್ಲಿ ಹಲವು ವರ್ಷ ಬದುಕಿಸಿಕೊಳ್ಳುವ ಕ್ರಮ ತಿಳಿದರೆ ಮತ್ತೊಮ್ಮೆ ಗುದ್ದಲಿ ಹಿಡಿಯುವ ಪ್ರಸಂಗವೇ ಬಾರದು. ಆ ಕ್ರಮದ ಮುಕ್ಕಾಲು ಪಾಲು ನೀರಿನ ವಿಚಾರವೇ ಆಗಿದೆ.

ಜರೀಗಿಡ ಸತ್ತಾಗ ಸಾಮಾನ್ಯವಾಗಿ ಕೇಳಿಬರುವ ಮಾತು, "ನೀರು ಸಾಕಾಗಲಿಲ್ಲ" ಎಂಬುದು. ಇದು ಅರ್ಧ ಸತ್ಯ. ಬೇಸಿಗೆಯಲ್ಲಿ ಒಣಗಿ ಕಾಣುವ ಎಷ್ಟೋ ಗಿಡಗಳ ಬೇರು ಅದಕ್ಕೂ ಮುಂಚೆ, ಮಳೆಗಾಲದಲ್ಲಿಯೇ, ಕೊಳೆತುಹೋಗಿರುತ್ತದೆ. ಇನ್ನು ಕೆಲವು ಗಿಡಗಳು ಸತ್ತೇ ಇರುವುದಿಲ್ಲ, ನಿದ್ರಿಸುತ್ತಿರುತ್ತವೆ. ಕೊಳೆತದ್ದು, ಬಾಯಾರಿದ್ದು, ನಿದ್ರಿಸುತ್ತಿರುವುದು ಈ ಮೂರೂ ಮೇಲ್ನೋಟಕ್ಕೆ ಒಂದೇ ಬಗೆಯಾಗಿ, ಕಂದುಬಣ್ಣದ ಗರಿಗಳಾಗಿ ಕಾಣುತ್ತವೆ. ನೀರೆರೆಯುವವರು ಮೊದಲು ಕಲಿಯಬೇಕಾದ ವಿದ್ಯೆ ಈ ಮೂರನ್ನು ಬೇರ್ಪಡಿಸುವುದು.

ಇದಕ್ಕೆ ಗಿಡದ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಜರೀಗಿಡಕ್ಕೆ ತಾಯಿಬೇರು ಇಲ್ಲ. ಮಣ್ಣಿನ ಮೇಲ್ಪದರದಲ್ಲಿಯೋ, ಮಣ್ಣಿಗೆ ತಾಗಿಕೊಂಡೋ ಹರಿಯುವ ಗುಪ್ತಕಾಂಡವೇ ಅದರ ನಿಜವಾದ ದೇಹ. ಅಲ್ಲಿಂದ ಹೊರಟ ಕೂದಲಿನಷ್ಟು ತೆಳುವಾದ ಬೇರುಗಳು ಮೇಲ್ಮಣ್ಣಿನ ಕೆಲವೇ ಅಂಗುಲಗಳಲ್ಲಿ ಹೆಣೆದುಕೊಂಡಿರುತ್ತವೆ. ಮಾವು, ಹಲಸುಗಳಂತೆ ಆಳಕ್ಕಿಳಿದು ನೀರು ಹುಡುಕುವ ಶಕ್ತಿ ಅದಕ್ಕಿಲ್ಲ. ಗರಿಗಳಾದರೋ ಕಾಡಿನ ನೆರಳಿಗೂ ಹಸಿ ಗಾಳಿಗೂ ಒಗ್ಗಿದವು. ಅವುಗಳ ಮೇಲಿನ ಮೇಣದ ಹೊದಿಕೆ ತೆಳುವಾದುದು. ಆಗುಂಬೆಯಂತಹ ಕಾಡುಗಳ ತೊಯ್ದ ಬಂಡೆ, ಮರದ ಬೊಡ್ಡೆಗಳ ಮೇಲೆ ಹಬ್ಬುವ ಪೊರೆಜರಿಗಳಲ್ಲಿ ಗರಿಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಅಂತಹವನ್ನು ಕುಂಡಕ್ಕೆ ತರುವ ಆಸೆಯನ್ನೇ ಬಿಡಬೇಕು. ಯಾವ ನೀರಿನ ಕ್ರಮವೂ ಅವನ್ನು ಜಗಲಿಯಲ್ಲಿ ಉಳಿಸಲಾರದು.

ಇನ್ನೊಂದು ಸಂಗತಿ. ಬೇರಿಗೆ ನೀರು ಬೇಕಾದಂತೆ ಉಸಿರೂ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಒಂದು ಪಾಲು ನೀರು, ಒಂದು ಪಾಲು ಗಾಳಿ ಇರುವುದು ಸಹಜ ಸ್ಥಿತಿ. ಸಂದುಗಳೆಲ್ಲ ನೀರಿನಿಂದಲೇ ತುಂಬಿ ಹಾಗೆಯೇ ನಿಂತರೆ ಆಮ್ಲಜನಕವಿಲ್ಲದೆ ಬೇರು ಸಾಯುತ್ತದೆ; ಸತ್ತ ಬೇರಿಗೆ ಕೊಳೆರೋಗದ ಸೂಕ್ಷ್ಮಜೀವಿಗಳು ಹತ್ತುತ್ತವೆ. ಬೇರಿಲ್ಲದ ಗಿಡ ನೀರಿನ ನಡುವೆಯೇ ಬಾಯಾರಿ ಬಾಡುತ್ತದೆ. ಬಾಡಿದ್ದನ್ನು ಕಂಡ ಮನೆಯವರು ಇನ್ನೂ ಒಂದು ಚೆಂಬು ನೀರು ಸುರಿಯುತ್ತಾರೆ. ಕುಂಡದ ಗಿಡಗಳ ಸಾವಿನಲ್ಲಿ ಇಷ್ಟು ಕರುಣಾಜನಕವಾದ ಸಾವು ಮತ್ತೊಂದಿಲ್ಲ.

ಮಳೆಗಾಲದಿಂದಲೇ ಆರಂಭಿಸುವುದು ಉಚಿತ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರಿದುದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಒಂದೇ ಊರಿನಲ್ಲಿ ಎರಡು ಲೋಕಗಳಿದ್ದಂತೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದಿರುವಾಗ ಕುಂಡದ ಮಣ್ಣು ಹೇಗೆ ಒಣಗೀತು? ಆದರೂ ದಿನಕ್ಕೊಂದು ಚೆಂಬು ಎಂಬ ರೂಢಿಯಿಂದ ಒಳಮನೆಯ ಕುಂಡಗಳಿಗೆ ನೀರು ಬೀಳುತ್ತಲೇ ಇರುತ್ತದೆ. ಈ ಕಾಲದಲ್ಲಿ ಒಳಗಿರುವ ಕುಂಡಕ್ಕೆ ವಾರಕ್ಕೊಮ್ಮೆ ನೀರು ಸಾಕು. ಎಷ್ಟೋ ವೇಳೆ ಅದೂ ಬೇಡ. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ಬೆರಳಿಗೆ ತಣ್ಣನೆಯ ಹಸಿ ತಾಗಿ ಮಣ್ಣು ಅಂಟಿಕೊಂಡರೆ ಚೆಂಬನ್ನು ಕೆಳಗಿಡಬೇಕು.

ಜಗಲಿಯ ಅಂಚಿನ ಕುಂಡಗಳಿಗೆ ಬೇರೊಂದು ಅಪಾಯವಿದೆ. ಸೂರಿನಿಂದ ಧಾರೆಯಾಗಿ ಬೀಳುವ ನೀರು ನೇರವಾಗಿ ಗಿಡದ ನೆತ್ತಿಗೆ ಬಡಿಯುತ್ತದೆ. ಮಣ್ಣು ಕೊಚ್ಚಿಹೋಗಿ ಗುಪ್ತಕಾಂಡ ಬಯಲಾಗುತ್ತದೆ, ಇಲ್ಲವೇ ಮಣ್ಣು ಗಟ್ಟಿಯಾಗಿ ಗಾಳಿಯಾಡದಂತಾಗುತ್ತದೆ. ಸುರುಳಿ ಸುತ್ತಿದ ಎಳೆಯ ಚಿಗುರಿನ ನಡುವೆ ನೀರು ನಿಂತರೆ ಚಿಗುರು ಕಪ್ಪಾಗುತ್ತದೆ. ಕೊಡಗಿನಲ್ಲಿ ಮಳೆಗಾಲದ ಪಲ್ಯಕ್ಕೆ ಕೊಯ್ಯುವ ತೆರ್ಮೆ ಸೊಪ್ಪು ಇಂತಹ ಸುರುಳಿ ಚಿಗುರೇ ಎಂಬುದನ್ನು ಬಲ್ಲವರಿಗೆ ಅದು ಎಷ್ಟು ಮೃದುವೆಂದು ಹೇಳಬೇಕಾಗಿಲ್ಲ. ಕುಂಡವನ್ನು ಒಂದು ಮೊಳ ಒಳಕ್ಕೆ ಸರಿಸಿದರೆ ಈ ತೊಂದರೆ ತೀರಿತು.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದೆನ್ನುವುದಕ್ಕೆ ಬೇರಿನ ಕಾರಣದ ಜೊತೆಗೆ ಮನುಷ್ಯರ ಕಾರಣವೂ ಉಂಟು. ಡೆಂಗ್ಯೂ ಹರಡುವ ಸೊಳ್ಳೆ ಇಂತಹ ಚಿಕ್ಕ, ತಿಳಿಯಾದ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ತಟ್ಟೆಯ ನೀರನ್ನು ಪ್ರತಿಸಲವೂ ಚೆಲ್ಲಬೇಕು. ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆಯಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ, ಅಂದರೆ ಉತ್ತರೆ, ಹಸ್ತ ಮಳೆಗಳ ಬಿಸಿಲು ನೆರಳಿನ ದಿನಗಳಲ್ಲಿ, ಗಿಡದ ಬೆಳವಣಿಗೆ ಚೆನ್ನಾಗಿರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಬೆರಳಿಟ್ಟು ನೋಡಿ ನೀರು ಕೊಟ್ಟರಾಯಿತು. ಈ ಕಾಲದಲ್ಲಿ ಗರಿಯ ಕೆಳಮೈಯಲ್ಲಿ ಸಾಲು ಸಾಲಾಗಿ ಕಂದು ಚುಕ್ಕೆಗಳು ಮೂಡುವುದುಂಟು. ಅದನ್ನು ಹೇನು ಹತ್ತಿತೆಂದೋ ರೋಗವೆಂದೋ ತಿಳಿದು ಕೀಟನಾಶಕ ಸಿಂಪಡಿಸಿದ ಮನೆಗಳಿವೆ. ಅವು ಬೀಜಕಗಳ ಗೊಂಚಲುಗಳು. ಹೂವಿಲ್ಲದ, ಬೀಜವಿಲ್ಲದ ಈ ಸಸ್ಯಕುಲದ ಸಂತಾನವೇ ಆ ಕಂದು ಪುಡಿ. ಒಂದು ಗರಿಯನ್ನು ಬಿಳಿ ಹಾಳೆಯ ಮೇಲೆ ಎರಡು ದಿನ ಇಟ್ಟರೆ ಉದುರಿದ ಪುಡಿಯಲ್ಲಿ ಗರಿಯ ಚಿತ್ರವೇ ಮೂಡುವುದನ್ನು ಶಾಲಾ ಮಕ್ಕಳು ನೋಡಬಹುದು.

ಚಳಿಗಾಲದ ವಿಚಾರ ಹೆಚ್ಚಿಲ್ಲ. ಸ್ವಾತಿ ಮಳೆ ಕಳೆದ ಮೇಲೆ ರಾತ್ರಿಯ ಚಳಿಗೆ ಬೆಳವಣಿಗೆ ಕುಗ್ಗುತ್ತದೆ. ಬೆಳೆಯದ ಗಿಡ ಕುಡಿಯುವುದೂ ಕಡಿಮೆ. ನಾಲ್ಕೈದು ದಿನಕ್ಕೊಮ್ಮೆ, ಇಬ್ಬನಿ ಆರಿದ ಬಳಿಕ ಬೆಳಗ್ಗೆ ನೀರು ಕೊಡಬೇಕು. ಸಂಜೆ ಕೊಟ್ಟರೆ ರಾತ್ರಿಯಿಡೀ ನೆತ್ತಿ ಹಸಿಯಾಗಿರುತ್ತದೆ. ಬಚ್ಚಲ ಒಲೆಯ ಗೋಡೆಗೆ ತಾಗಿದ ಕುಂಡಗಳು ಮಾತ್ರ ಬೇಗ ಒಣಗುತ್ತವೆ. ಅವನ್ನು ಬೇರೆಯಾಗಿಯೇ ನೋಡಬೇಕು.

ನಿಜವಾದ ಪರೀಕ್ಷೆ ಮಾಘ ಮಾಸದಿಂದ ಮೊದಲಾಗುತ್ತದೆ. ಫೆಬ್ರವರಿಯ ಒಣಗಾಳಿ ಬೀಸತೊಡಗಿದೊಡನೆ ಜರೀಗಿಡದ ಸುತ್ತಲಿನ ಲೋಕವೇ ಬದಲಾಗುತ್ತದೆ. ಮಳೆಗಾಲದಲ್ಲಿ ಹೆಚ್ಚುಕಡಿಮೆ ಪೂರ್ಣ ತೇವದಿಂದ ಕೂಡಿದ್ದ ಗಾಳಿ ಈಗ ಮಧ್ಯಾಹ್ನದ ವೇಳೆಗೆ ಅರ್ಧದಷ್ಟು ತೇವವನ್ನೂ ಹೊಂದಿರುವುದಿಲ್ಲ. ಬೆಚ್ಚನೆಯ ಒಣಗಾಳಿ ಗರಿಯ ರಂಧ್ರಗಳ ಮೂಲಕ ನೀರನ್ನು ಹೀರುತ್ತದೆ. ಬೇರು ಒದಗಿಸುವುದಕ್ಕಿಂತ ವೇಗವಾಗಿ ಗರಿ ಕಳೆದುಕೊಂಡಾಗ ಮೊದಲು ತುದಿ, ಬಳಿಕ ಅಂಚು, ಕೊನೆಗೆ ಇಡೀ ಗರಿ ಒಣಗುತ್ತದೆ. ಇಲ್ಲಿ ಮಣ್ಣಿಗೆ ಹೆಚ್ಚು ನೀರು ಸುರಿಯುವುದು ಅರ್ಧ ಪರಿಹಾರ ಮಾತ್ರ. ಗಾಳಿಯ ಬಾಯಾರಿಕೆಯನ್ನೂ ತಗ್ಗಿಸಬೇಕು.

ಅದಕ್ಕೆ ಮೊದಲ ಉಪಾಯ ಕುಂಡದ ಸ್ಥಳಾಂತರ. ಪಶ್ಚಿಮದ ಬಿಸಿಲು ತಾಗುವ ಜಗಲಿಯಿಂದ ಉತ್ತರ ದಿಕ್ಕಿನ ಕಿಟಕಿಯ ಬಳಿಗೆ, ಅಥವಾ ಬೆಳಕಿರುವ ಬಚ್ಚಲಿನ ಮೂಲೆಗೆ ಒಯ್ಯಬೇಕು. ಒಂಟಿ ಕುಂಡಗಳನ್ನು ಒತ್ತೊತ್ತಾಗಿ ಗುಂಪುಗೂಡಿಸಬೇಕು. ಒಂದು ಬಿಟ್ಟ ತೇವ ಇನ್ನೊಂದಕ್ಕೆ ಆಸರೆಯಾಗುತ್ತದೆ. ಅಗಲವಾದ ತಟ್ಟೆಯಲ್ಲಿ ಹಳ್ಳದ ಉರುಟು ಕಲ್ಲುಗಳನ್ನು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಮೇಲೆ ಕುಂಡವಿಡುವುದೂ ಸ್ವಲ್ಪ ಮಟ್ಟಿಗೆ ಸಹಾಯಕ. ಸೊಳ್ಳೆಯ ಕಾರಣ ಆ ನೀರನ್ನೂ ವಾರದೊಳಗೆ ಬದಲಿಸಬೇಕು. ಗರಿಗಳ ಮೇಲೆ ತುಂತುರು ಸಿಂಪಡಿಸುವ ರೂಢಿ ಈಚೆಗೆ ಹೆಚ್ಚಾಗಿದೆ. ಅದರಿಂದ ಧೂಳು ತೊಳೆದುಹೋದೀತು. ಗಾಳಿಯ ತೇವ ಏರುವುದು ಕೆಲವು ನಿಮಿಷ ಮಾತ್ರ. ಸಿಂಪಡಣೆಯನ್ನು ನಂಬಿ ಬೇರನ್ನು ಮರೆತವರ ಗಿಡ ಒಣಗಿಯೇ ಹೋಗುತ್ತದೆ.

ಎರಡನೆಯ ಉಪಾಯ ಜೋಡಿಕುಂಡ. ಮಣ್ಣಿನ ಕುಂಡದ ಮೈಯೆಲ್ಲ ಸೂಕ್ಷ್ಮರಂಧ್ರಮಯ. ಗಡಿಗೆಯ ನೀರನ್ನು ತಂಪಾಗಿಸುವ ಗುಣವೇ ಬೇಸಿಗೆಯಲ್ಲಿ ಕುಂಡದ ನೀರನ್ನು ಕದಿಯುತ್ತದೆ. ಗಿಡವಿರುವ ಕುಂಡವನ್ನು ಅದಕ್ಕಿಂತ ಎರಡು ಅಂಗುಲ ಅಗಲವಾದ, ತಳದಲ್ಲಿ ತೂತಿರುವ ಮತ್ತೊಂದು ಕುಂಡದೊಳಗೆ ಇಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ, ಆ ಮರಳನ್ನು ಹಸಿಯಾಗಿ ಇಡಬೇಕು. ಆಗ ಗೋಡೆಯ ಮೂಲಕ ನೀರು ಹೊರಗೆ ಹೋಗುವುದು ನಿಲ್ಲುತ್ತದೆ, ಬೇರು ತಂಪಾಗಿರುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಈ ಕಷ್ಟವಿಲ್ಲವೆಂಬುದು ನಿಜ. ಆದರೆ ಮಳೆಗಾಲದಲ್ಲಿ ಅದೇ ಪ್ಲಾಸ್ಟಿಕ್ಕು ಬೇರಿನ ಉಸಿರು ಕಟ್ಟುತ್ತದೆ. ಮಲೆನಾಡಿನ ಹವೆಗೆ ಮಣ್ಣಿನ ಕುಂಡವೇ ಮೇಲು ಎಂಬುದು ಅನುಭವದ ತೀರ್ಮಾನ.

ನೀರು ಕೊಡುವ ವಿಧಾನದಲ್ಲಿಯೂ ಕ್ರಮವಿದೆ. ದಿನಕ್ಕೆ ನಾಲ್ಕು ಸಲ ಬೊಗಸೆ ಬೊಗಸೆ ಚಿಮುಕಿಸಿದರೆ ಮೇಲಿನ ಅರ್ಧ ಅಂಗುಲ ಮಾತ್ರ ನೆನೆದು ಕೆಳಗಿನ ಬೇರು ಒಣಗಿರುತ್ತದೆ. ಕೊಡುವಾಗ ಕುಂಡದ ಅಂಚಿನ ಸುತ್ತ, ನೆತ್ತಿಯನ್ನು ಬಿಟ್ಟು, ತಳದ ತೂತಿನಿಂದ ನೀರು ಜಿನುಗುವವರೆಗೆ ನಿಧಾನವಾಗಿ ಕೊಡಬೇಕು. ಮತ್ತೆ ಮೇಲ್ಮಣ್ಣು ಆರುವವರೆಗೆ ಕಾಯಬೇಕು. ಬೆರಳಿನ ಜೊತೆಗೆ ತೂಕವೂ ಒಳ್ಳೆಯ ಅಳತೆಗೋಲು. ನೀರುಂಡ ಕುಂಡವನ್ನು ಒಮ್ಮೆ ಎತ್ತಿ ಅದರ ಭಾರವನ್ನು ಕೈಗೆ ಪರಿಚಯ ಮಾಡಿಸಿಕೊಂಡರೆ, ಹಗುರಾದ ದಿನ ಕೈಯೇ ಹೇಳುತ್ತದೆ. ಬೇಸಿಗೆಯ ಉಚ್ಛ್ರಾಯದಲ್ಲಿ ಚಿಕ್ಕ ಮಣ್ಣಿನ ಕುಂಡಕ್ಕೆ ಪ್ರತಿದಿನ, ಜೋಡಿಕುಂಡಕ್ಕೂ ಪ್ಲಾಸ್ಟಿಕ್ಕಿಗೂ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕಾದೀತು.

ತೀರ ಒಣಗಿದ ಕುಂಡದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮೇಲಿನಿಂದ ಸುರಿದ ನೀರು ಕ್ಷಣದಲ್ಲಿಯೇ ತಳದಿಂದ ಹೊರಬರುತ್ತದೆ. ನೋಡಿದವರು ಗಿಡಕ್ಕೆ ಸಾಕಾಯಿತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಒಣಗಿ ಕುಗ್ಗಿದ ಎಲೆಗೊಬ್ಬರದ ಮಣ್ಣು ನೀರನ್ನು ಹೀರಲೊಲ್ಲದು. ಕುಂಡದ ಗೋಡೆಗೂ ಮಣ್ಣಿನ ಮುದ್ದೆಗೂ ನಡುವೆ ಬಿರುಕು ಬಿಟ್ಟು ನೀರೆಲ್ಲ ಅಲ್ಲಿಂದಲೇ ಜಾರಿರುತ್ತದೆ. ಇಂತಹ ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಅಂಚಿನವರೆಗೆ ಇಳಿಸಿ, ಗುಳ್ಳೆಗಳು ಏಳುವುದು ನಿಲ್ಲುವವರೆಗೆ ಇಟ್ಟು, ಎತ್ತಿ ಬಸಿಯಲು ಬಿಡಬೇಕು. ಬಕೆಟ್ಟಿನಲ್ಲಿ ಉಳಿದ ನೀರು ಮುಂದಿನ ಕುಂಡಕ್ಕೆ ಬರುತ್ತದೆ.

ಇಲ್ಲಿ ನೀರಿನ ಲೆಕ್ಕವನ್ನು ನೋಡದೆ ಮುಂದೆ ಹೋಗುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಲೆನಾಡಿನ ಎಷ್ಟೋ ಬಾವಿಗಳು ತಳ ಕಾಣುತ್ತವೆ. ಮನೆಯಲ್ಲಿ ಹತ್ತು ಕುಂಡಗಳಿದ್ದು ಪ್ರತಿಯೊಂದಕ್ಕೂ ದಿನಕ್ಕೆ ಅರ್ಧ ಲೀಟರ್ ಎಂದರೆ ದಿನಕ್ಕೆ 5 ಲೀಟರ್, 90 ದಿನಗಳಿಗೆ 450 ಲೀಟರ್ ಆಯಿತು. ಆ ನೀರನ್ನು ಬಾವಿಯಿಂದ ಸೇದಿ ಹೊತ್ತು ತರುವವರು ಮನೆಯ ಹೆಂಗಸರು. ಕುಂಡದ ಚೆಲುವನ್ನು ಹೊಗಳುವ ಗಂಡಸರು ಈ ಲೆಕ್ಕವನ್ನು ಕೇಳಿಸಿಕೊಳ್ಳುವುದು ಒಳಿತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇವುಗಳಿಂದಲೇ ಐದು ಲೀಟರ್ ಹೊಂದಿಸಲು ಸಾಧ್ಯ. ಅಕ್ಕಿ ನೀರನ್ನು ಅಂದಂದೇ, ನೀರು ಬೆರೆಸಿ ತೆಳುವಾಗಿಸಿ ಬಳಸಬೇಕು. ಹುಳಿ ಬಂದ ಗಂಜಿ ನೀರಿನಿಂದ ಮಣ್ಣಿನಲ್ಲಿ ಬೂಷ್ಟು, ನೊರಜು ಆಗುತ್ತವೆ. ಸೋಪಿನ ನೀರು ಕೂಡದು. ಪೇಟೆಯ ಮನೆಗಳಲ್ಲಿ ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಹೋಗುವ ನೀರಿನಲ್ಲಿ ಲವಣಗಳು ಸಾಂದ್ರವಾಗಿರುವುದರಿಂದ ಅದೂ ಜರೀಗಿಡಕ್ಕೆ ಹೊಂದದು; ನೆಲ ಒರೆಸಲು ಆದೀತು.

ಲವಣದ ಮಾತು ಬಂದುದರಿಂದ ಕೊಳವೆಬಾವಿಯ ವಿಷಯವನ್ನೂ ಹೇಳಬೇಕು. ಕೆರೆ, ತೆರೆದ ಬಾವಿ, ಮಳೆ ಇವುಗಳ ಮೆದುನೀರು ಜರೀಗಿಡಕ್ಕೆ ಪ್ರಿಯ. ಆಳದ ಕೊಳವೆಬಾವಿಯ ಗಡಸುನೀರನ್ನು ತಿಂಗಳುಗಟ್ಟಲೆ ಕೊಟ್ಟರೆ ಕುಂಡದ ಹೊರಮೈಯಲ್ಲಿ ಬಿಳಿಯ ಉಪ್ಪಿನಂತಹ ಪದರ ಮೂಡುತ್ತದೆ. ಮಣ್ಣಿನೊಳಗೂ ಅದೇ ಉಪ್ಪು ಕೂಡಿಕೊಂಡು ಗರಿಯ ತುದಿ ಸುಡುತ್ತದೆ. ಇದನ್ನು ನೀರಿನ ಕೊರತೆಯೆಂದು ತಿಳಿದು ಅದೇ ನೀರನ್ನು ಇನ್ನಷ್ಟು ಕೊಟ್ಟರೆ ಉಪ್ಪು ಇನ್ನಷ್ಟು ಸೇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಯ ಹೂಮಳೆ ಬಿದ್ದಾಗ ಕುಂಡಗಳನ್ನು ಅಂಗಳಕ್ಕೆ ಇಟ್ಟು ಮಣ್ಣು ತೊಳೆಯಲು ಬಿಡುವುದು ಒಳ್ಳೆಯದು. ಮಳೆ ನಿಂತೊಡನೆ ಒಳಗೆ ತರಬೇಕು. ಮರುದಿನದ ಬಿಸಿಲಿಗೆ ಮರೆತುಬಿಟ್ಟರೆ ಒಂದೇ ಹಗಲಿನಲ್ಲಿ ಗರಿ ಸುಟ್ಟೀತು.

ಇನ್ನು ನಿದ್ರಿಸುವ ಗಿಡಗಳ ವಿಚಾರ. ಮುರಕಲ್ಲಿನ ಗೋಡೆ, ಬಾವಿಕಟ್ಟೆ, ಧರೆಗಳ ಮೇಲೆ ಮಳೆಗಾಲದಲ್ಲಿ ಕರಿಯ ತಂತಿಯಂತಹ ಹೊಳೆಯುವ ತೊಟ್ಟು, ಬೀಸಣಿಗೆಯಂತಹ ಪುಟ್ಟ ಎಲೆಗಳ ಒಂದು ಜರೀಗಿಡ ತೂಗಾಡುತ್ತದೆ. ಅಡಿಯಾಂಟಮ್ ಎಂಬುದು ಅದರ ಕುಲನಾಮ. ಒದ್ದೆಯಾಗದ್ದು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ಎಲೆಯನ್ನು ನೀರಿಗದ್ದಿ ತೆಗೆದರೆ ಹನಿಗಳು ಜಾರಿಹೋಗುವುದನ್ನು ಕಾಣಬಹುದು. ಗೋಡೆಗಳ ಮೇಲಿನ ಜಾತಿಯು ಗರಿಯ ತುದಿ ನೆಲಕ್ಕೆ ತಾಗಿದಲ್ಲಿ ಬೇರು ಬಿಟ್ಟು ಮರಿ ಹಾಕುತ್ತ ಹೆಜ್ಜೆಯಿಟ್ಟು ನಡೆಯುತ್ತದೆ. ಮಳೆ ಹೋದ ಮೇಲೆ ಇದರ ಗರಿಗಳು ಒಣಗಿ ಗೋಡೆ ಬೋಳಾಗುತ್ತದೆ. ಗುಪ್ತಕಾಂಡ ಮಾತ್ರ ಕಲ್ಲಿನ ಸಂದಿಯಲ್ಲಿ ಜೀವ ಹಿಡಿದಿರುತ್ತದೆ. ಮಾವು, ಹಲಸಿನ ಕೊಂಬೆಗಳ ಮೇಲೆ ಕೂರುವ ಡ್ರೈನೇರಿಯಾ ಜಾತಿಯ ರೀತಿಯೂ ಹೀಗೆಯೇ. ಬೇಸಿಗೆಯಲ್ಲಿ ಅದರ ಉದ್ದನೆಯ ಹಸಿರು ಗರಿಗಳು ಉದುರಿ, ಬುಡದಲ್ಲಿ ಬಟ್ಟಲಿನಂತೆ ನಿಂತ ಕಂದು ಎಲೆಗಳು ಮಾತ್ರ ಉಳಿಯುತ್ತವೆ. ಆ ಬಟ್ಟಲುಗಳು ತರಗೆಲೆಯನ್ನು ಸಂಗ್ರಹಿಸಿ ಗೊಬ್ಬರ ಮಾಡಿಕೊಳ್ಳುತ್ತವೆ. ಮೊದಲ ಮಳೆಗೆ ಮತ್ತೆ ಹಸಿರು.

ಇಂತಹ ಗಿಡಗಳು ಕುಂಡಕ್ಕೆ ಬಂದರೂ ತಮ್ಮ ಪಂಚಾಂಗವನ್ನು ಮರೆಯುವುದಿಲ್ಲ. ಫೆಬ್ರವರಿಯಲ್ಲಿ ಅವು ಒಣಗತೊಡಗಿದಾಗ ಬಲವಂತದಿಂದ ನೀರು ಸುರಿದರೆ ಕೊಳೆಯುತ್ತವೆ; ಸತ್ತವೆಂದು ಎಸೆದರೆ ಬದುಕಿದ್ದನ್ನೇ ಎಸೆದಂತೆ. ಒಣಗರಿಗಳನ್ನು ಕತ್ತರಿಸಿ, ಕುಂಡವನ್ನು ನೆರಳಿನ ಮೂಲೆಗೆ ಸರಿಸಿ, ಹತ್ತು ಹದಿನೈದು ದಿನಕ್ಕೊಮ್ಮೆ ಮಣ್ಣು ಪೂರಾ ಒಣಗದಷ್ಟು ಹನಿಸಿದರೆ ಸಾಕು. ಬದುಕಿದೆಯೇ ಇಲ್ಲವೇ ಎಂಬ ಸಂಶಯ ಬಂದರೆ ಗುಪ್ತಕಾಂಡವನ್ನು ಉಗುರಿನಿಂದ ಗೀರಬೇಕು. ಗಟ್ಟಿಯಾಗಿ, ಒಳಗೆ ಹಸಿರೋ ಬಿಳಿಯೋ ಆಗಿ ಕಂಡರೆ ಅದು ನಿದ್ರೆ. ಮೆತ್ತಗಾಗಿ, ಕಂದಾಗಿ, ಕೊಳೆತ ವಾಸನೆ ಬಂದರೆ ಅದು ಸಾವು. ಉಗುರಿನ ಈ ಒಂದು ಗೀರು ಎಷ್ಟೋ ಗಿಡಗಳನ್ನು ಗೊಬ್ಬರಗುಂಡಿಯಿಂದ ಉಳಿಸಬಲ್ಲದು.

ಮನೆಗಳಲ್ಲಿ ಅತಿ ಹೆಚ್ಚಾಗಿರುವುದು ನೆಫ್ರೊಲೆಪಿಸ್ ಕುಲದ ಗಿಡ. ಎರಡೂ ಬದಿಗೆ ಬಾಚಣಿಗೆಯ ಹಲ್ಲುಗಳಂತೆ ಕಿರುಎಲೆಗಳಿರುವ ಉದ್ದ ಗರಿಯದು. ಇದು ವರ್ಷವಿಡೀ ಹಸಿರು, ನಿದ್ರೆಯಿಲ್ಲ. ಇದರ ಒಂದು ಜಾತಿಗೆ ಬೇರಿನ ನಡುವೆ ಗೋಲಿಯಂತಹ ನೀರ್ಗಡ್ಡೆಗಳಿರುತ್ತವೆ. ಮಣ್ಣು ಬದಲಿಸುವಾಗ ಅವನ್ನು ಗಂಟುರೋಗವೆಂದು ಕಿತ್ತೊಗೆಯಬಾರದು. ಗಡ್ಡೆಯಿರುವ ಜಾತಿ ಎರಡು ಮೂರು ದಿನದ ಮರೆವನ್ನು ಕ್ಷಮಿಸುತ್ತದೆ. ಬಾಸ್ಟನ್ ಫರ್ನ್ ಎಂದು ನರ್ಸರಿಗಳಲ್ಲಿ ಮಾರುವ ಜಾತಿಗೆ ಗಡ್ಡೆಯಿಲ್ಲ, ಅದು ಕ್ಷಮಿಸುವುದಿಲ್ಲ.

ಆ ಬಾಸ್ಟನ್ ಗಿಡದ ಚರಿತ್ರೆ ಇಲ್ಲಿ ಪ್ರಸ್ತುತ. 1894ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬಾಸ್ಟನ್ ಸಮೀಪದ ಕೇಂಬ್ರಿಜ್‌ನ ಹೂಗಿಡದ ವ್ಯಾಪಾರಿಯೊಬ್ಬನಿಗೆ ಬಂದ ಜರೀಗಿಡಗಳ ನಡುವೆ ಗರಿಗಳು ಬಾಗಿ ತೂಗುವ ವಿಶೇಷ ರೂಪವೊಂದು ಕಂಡುಬಂದಿತು. ಅದನ್ನು ಹಿಳ್ಳುಗಳಿಂದಲೇ ಒಡೆದು ಒಡೆದು ವೃದ್ಧಿಪಡಿಸಲಾಯಿತು. ಇಂದು ಲೋಕದ ಮನೆಮನೆಗಳಲ್ಲಿ ತೂಗುವ ಅಸಂಖ್ಯ ಕುಂಡಗಳಿಗೆ ಕಾಡಿನ ಗುದ್ದಲಿಯ ಹಂಗಿಲ್ಲ.

ಇದಕ್ಕೆ ವಿರುದ್ಧವಾದ ಕಥೆ ಇಂಗ್ಲೆಂಡಿನದು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತ ಪತಂಗದ ಕೋಶವನ್ನು ಹಸಿಮಣ್ಣಿನೊಡನೆ ಗಾಜಿನ ಶೀಶೆಯಲ್ಲಿ ಮುಚ್ಚಿಟ್ಟಿದ್ದಾಗ, ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತವು. ಮಣ್ಣಿನಿಂದ ಆರಿದ ನೀರು ಗಾಜಿಗೆ ತಾಗಿ ಹನಿಯಾಗಿ ಮರಳಿ ಮಣ್ಣಿಗೇ ಇಳಿಯುತ್ತಿದ್ದುದರಿಂದ ನೀರೆರೆಯದೆಯೇ ಅವು ಬದುಕಿದವು. ಈ ಗಾಜಿನ ಪೆಟ್ಟಿಗೆಯಿಂದಾಗಿ ಹೊಗೆ ತುಂಬಿದ ಪಟ್ಟಣಗಳ ಮನೆಯೊಳಗೂ ಜರೀಗಿಡ ಸಾಕುವುದು ಸುಲಭವಾಯಿತು. ಅಲ್ಲಿಂದ ಮುಂದೆ ಹತ್ತಿದ ಹುಚ್ಚು ಎಷ್ಟೆಂದರೆ 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ ಅದಕ್ಕೆ 'ಟೆರಿಡೋಮೇನಿಯ' ಎಂದು ಹೆಸರಿಟ್ಟನು. ರೈಲು ಹತ್ತಿ ಕಣಿವೆಗಳಿಗೆ ಹೋದ ಜನ ಬುಟ್ಟಿ ಬುಟ್ಟಿಯಾಗಿ ಕಿತ್ತು ತಂದರು. ಮಾರುವವರು ಗಾಡಿಗಟ್ಟಲೆ ಸಾಗಿಸಿದರು. ಕಿಲ್ಲಾರ್ನಿಯ ಪೊರೆಜರಿಯಂತಹ ಜಾತಿಗಳು ಎಷ್ಟೋ ತಾಣಗಳಲ್ಲಿ ನಾಮಾವಶೇಷವಾದವು. ಕಿತ್ತವರು ಯಾರೂ ಕಾಡಿನ ವೈರಿಗಳಾಗಿರಲಿಲ್ಲ. ಜರೀಗಿಡವೆಂದರೆ ಪ್ರಾಣ ಬಿಡುವ ಜನ.

ಪಶ್ಚಿಮಘಟ್ಟದ ಮರಜರಿಗಳು ಇಂದು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟ ಸೈಟಿಸ್ ಪಟ್ಟಿಯಲ್ಲಿವೆ. ಅವುಗಳ ನಾರಿನ ಕಾಂಡವನ್ನು ಸೀತಾಳೆ ಗಿಡ ಕೂರಿಸಲು ಕಡಿಯುವುದನ್ನು ಕಂಡವರು ತಡೆಯಬೇಕು. ತೆಂಗಿನ ಸಿಪ್ಪೆ ಅದೇ ಕೆಲಸವನ್ನು ಮಾಡುತ್ತದೆ.

ಗಿಡಕ್ಕಾಗಿ, ಎಲೆಗೊಬ್ಬರಕ್ಕಾಗಿ ಬೇಸಿಗೆಯಲ್ಲಿ ಕಾಡು ಹೊಗುವುದರಲ್ಲಿ ಜೀವಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ತರಗೆಲೆಯ ನಡುವೆ ಎಳೆಯ ಉಣುಗುಗಳ ಸಂಚಾರ ಮಳೆಗಾಲ ಮುಗಿದ ಬಳಿಕ ಏರಿ ಬೇಸಿಗೆಯವರೆಗೂ ಇರುತ್ತದೆ. ಕುಂಡದಲ್ಲಿ ಗಿಡ ಒಣಗಿತೆಂದು ಹೊಸದನ್ನು ತರಲು ಜನ ಹೊರಡುವ ತಿಂಗಳೂ ಅದೇ. ಕುಂಡಕ್ಕೆ ಬೇಕಾದ ಎಲೆಗೊಬ್ಬರವನ್ನು ಮನೆಯಂಗಳದ ತರಗೆಲೆಯಿಂದಲೇ ಮಾಡಿಕೊಳ್ಳಬಹುದು. ಎರಡು ಪಾಲು ಆ ಗೊಬ್ಬರ, ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಹಿಡಿ ಇದ್ದಿಲಪುಡಿ. ತೆಂಗಿನ ನಾರಿನಪುಡಿ ಸೇರಿಸುವುದಾದರೆ ಉಪ್ಪು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದಿರಬೇಕು.

ಓದಿಗಾಗಿ, ಉದ್ಯೋಗಕ್ಕಾಗಿ ಬೆಂಗಳೂರು ಸೇರುವ ವಿದ್ಯಾರ್ಥಿಗಳು ಊರಿನ ನೆನಪಿಗೆ ಒಂದು ಜರೀಗಿಡ ಒಯ್ಯುವುದುಂಟು. ಅಲ್ಲಿಯ ಗಾಳಿ ಮಲೆನಾಡಿನದಕ್ಕಿಂತ ಒಣ. ನಲ್ಲಿಯ ನೀರಿಗೂ ಬರ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರಿನ ಜಲಮಂಡಳಿ ಆದೇಶ ಹೊರಡಿಸಿತ್ತು. ಅಂತಹ ಕೋಣೆಗೆ ವಾರ್ಡನ ಶೀಶೆಯೇ ಸರಿ. ಅಗಲ ಬಾಯಿಯ ಗಾಜಿನ ಭರಣಿಯ ತಳಕ್ಕೆ ಎರಡು ಅಂಗುಲ ಕಲ್ಲು, ಮೇಲೆ ಒಂದು ಪದರ ಇದ್ದಿಲು, ಅದರ ಮೇಲೆ ಮೂರು ಅಂಗುಲ ಮಣ್ಣು ಹಾಕಿ, ಚಿಕ್ಕ ಹಿಳ್ಳೊಂದನ್ನು ನೆಟ್ಟು, ಮಣ್ಣು ನೆನೆಯುವಷ್ಟೇ ನೀರು ಕೊಟ್ಟು ಮುಚ್ಚಬೇಕು. ನೇರ ಬಿಸಿಲಿಗೆ ಇಡಬಾರದು. ಗಾಜಿನೊಳಗೆ ಗಿಡ ಬೆಂದುಹೋದೀತು. ಗಾಜು ಸದಾ ಮಂಜು ಕವಿದಂತಿದ್ದರೆ ಒಂದು ದಿನ ಮುಚ್ಚಳ ತೆರೆದಿಡಬೇಕು. ಮಂಜು ಕಾಣದೇ ಹೋದರೆ ನಾಲ್ಕು ಚಮಚ ನೀರು. ಒಮ್ಮೆ ಹದ ಸಿಕ್ಕಿತೆಂದರೆ ತಿಂಗಳುಗಟ್ಟಲೆ ಅದನ್ನು ಮುಟ್ಟಬೇಕಾಗಿಲ್ಲ.

ಹಳೆಯ ಕುಂಡವನ್ನು ಒಡೆದು ಬೇರೆ ಮಾಡಲು ತಕ್ಕ ಕಾಲ ಮೃಗಶಿರ ಕಳೆದು ಆರಿದ್ರಾ ಹಿಡಿಯುವ ವಾರ. ಹಿಂದಿನ ದಿನ ನೀರು ಕೊಟ್ಟು, ಗಿಡವನ್ನು ಮುದ್ದೆಸಹಿತ ಹೊರತೆಗೆದು, ಹರಿತವಾದ ಕತ್ತಿಯಿಂದ ಎರಡು ಅಥವಾ ಮೂರು ಭಾಗ ಮಾಡಬೇಕು; ಪ್ರತಿ ಭಾಗಕ್ಕೂ ಬೇರು, ಗುಪ್ತಕಾಂಡ, ಒಂದೆರಡು ಚಿಗುರುಸುರುಳಿ ಇರಬೇಕು. ನೆಫ್ರೊಲೆಪಿಸ್ ಆದರೆ ದಾರದಂತೆ ಹೊರಟ ಬಳ್ಳಿಗಳ ತುದಿಯ ಮರಿಗಳೇ ಸಾಕು. ನೆಟ್ಟ ಮೇಲೆ ಎರಡು ವಾರ ನೆರಳಿನಲ್ಲಿಟ್ಟು, ಮೇಲೆ ಹೇಳಿದಂತೆ ಬೆರಳಿಟ್ಟು ನೋಡಿಯೇ ನೀರು ಕೊಡಬೇಕು. ನೆರೆಮನೆಯವರು ಗುದ್ದಲಿ ಹಿಡಿದು ಹಳ್ಳದ ಕಡೆಗೆ ಹೊರಡುವುದೂ ಆ ವಾರವೇ. ಹೊಸ ಮರಿಯ ಒಂದು ಕುಂಡವನ್ನು ಅದಕ್ಕೆ ಮುಂಚೆ ಅವರ ಜಗಲಿಗೆ ತಲುಪಿಸಿದರೆ ಒಳಿತು.